ನಾಲ್ಕರ ಗುರುತಿನ ಪಿಸ್ತೂಲು

ಎರಡು ತಿಂಗಳಿಗೆ ಅಂತ ನಾನಿರುವ ಪರದೇಶದ ಊರು ಸುಬಾಂಗ್ ಜಯಾಕ್ಕೆ ಬಂದ ಅಪ್ಪ, ಲಾಕ್‌ಡೌನ್ ಆಗಿ ನಮ್ಮ ಫ್ಲ್ಯಾಟಿನಲ್ಲೇ ಸಿಕ್ಕಿಹಾಕಿಕೊಂಡರು. ಮೈಸೂರಿನಲ್ಲಿ ನಲವತ್ತು ವರ್ಷ ಬಂದೂಕು ರಿಪೇರಿ ಮಾಡಿದ ಕೈ ಇಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿತ್ತು. ನಾನೋ ಮಹಾ ಜಾಣೆ, ಇಲ್ಲಿಯವರಿಗೆಲ್ಲ "ನಮ್ಮಪ್ಪ ಹಾರ್ಡ್‌ವೇರ್" ಅಂತ ಹೇಳಿಟ್ಟಿದ್ದೆ. ಐಟಿ ಜನ, ಕಂಪ್ಯೂಟರ್ ಅಂದುಕೊಂಡರು. ಅಂದುಕೊಳ್ಳಲಿ ಅಂತ ಸುಮ್ಮನಿದ್ದೆ.

ಕೆಳಗಿನ ಮನೆಯ ತಮಿಳಿನವರು ಒಂದು ಸಣ್ಣ ಖಾಸಗಿ ಮ್ಯೂಸಿಯಮ್ಮಿನಲ್ಲಿದ್ದರು. ಮನೆಯಿಂದಲೇ ಹಳೇ ಸಾಮಾನಿನ ಫೋಟೋ ನೋಡಿ ಪಟ್ಟಿ ಮಾಡುವ ಕೆಲಸ. ಒಂದು ದಿನ ವಿಡಿಯೋ ಕಾಲ್‌ನಲ್ಲಿ ಹರಟುತ್ತಾ ಚಕಮಕಿ ಕಲ್ಲಿನ ಕಿಡಿಯಿಂದ ಸಿಡಿಯುವ ಒಂದು ಹಳೇ ಪಿಸ್ತೂಲು ತೋರಿಸಿದರು. "ಡೂಪ್ಲಿಕೇಟ್ ಲಾ," ಅಂದರು ಇಲ್ಲಿಯವರ ಧಾಟಿಯಲ್ಲಿ. "ಟೂರಿಸ್ಟ್‌ಗಳಿಗೆ ಮಾಡಿದ್ದು. ಅಂಚಿನ ಹೂವು ನೆಟ್ಟಗೆ ಕೆತ್ತಿಲ್ಲ ನೋಡಿ. ಗೋಡೌನಿಗೆ ಹಾಕಿಬಿಡ್ತೀನಿ."

ಅಪ್ಪ ಹುರುಳಿಕಾಯಿ ಬಿಟ್ಟು ಎದ್ದು ಬಂದರು. "ಹೂವಲ್ಲ ಸ್ವಾಮಿ ಅದು!" ಅಂತ ತಮ್ಮ ಮೈಸೂರು ತಮಿಳಿನಲ್ಲೇ ಕೂಗಿದರು. "ಕನ್ನಡದ ೪. ಒಂದು ಪಿಸ್ತೂಲಿನ ಭಾಗ ಇನ್ನೊಂದಕ್ಕೆ ಬೆರೆಯಬಾರದು ಅಂತ ಕೆಲಸಗಾರ ಹಾಕೋ ಗುರುತು. ಬಿಚ್ಚಿ ನೋಡಿ, ಒಳಗೂ ಇರುತ್ತೆ. ಇಲ್ಲದಿದ್ರೆ ಆಮೇಲೆ ನಕಲಿ ಅನ್ನಿ."

"ಅಂಕಲ್ ಕಂಪ್ಯೂಟರ್ ಹಾರ್ಡ್‌ವೇರ್ ಅಲ್ವಾ?"

ಅಪ್ಪ ನನ್ನ ಮುಖ ನೋಡಿದರು. ಬೈದಿದ್ದರೆ ವಾಸಿಯಿತ್ತು. ಭೂಮಿಗಿಳಿದುಹೋದೆ. "ಇಲ್ಲ, ಬಂದೂಕು ರಿಪೇರಿ. ಸುಳ್ಳು ಹೇಳಿದ್ದು ನಾನು" ಅಂದುಬಿಟ್ಟೆ. ಇನ್ನು ಅಪ್ಪನ ಮಾತು ನಿಜವಾಗಲೇಬೇಕಿತ್ತು. ಆಗದಿದ್ದರೆ ಪಿಸ್ತೂಲಿನ ಜೊತೆ ಅಪ್ಪನೂ ಮೂಲೆ ಸೇರುತ್ತಿದ್ದರು.

ಲಾಕ್‌ಡೌನ್ ಸಡಿಲವಾದ ವಾರ ಕೆಳಗಿನ ಮನೆಯವರು ಮ್ಯೂಸಿಯಮ್ಮಿನಿಂದ ವಿಡಿಯೋ ಕಾಲ್ ಮಾಡಿ, ಅಪ್ಪ ಹೇಳಿದ ಹಾಗೆ ಒಂದೊಂದೇ ಸ್ಕ್ರೂ ಬಿಚ್ಚಿದರು. ಚಕಮಕಿ ಕಲ್ಲು ಕಚ್ಚಿಕೊಳ್ಳುವ ಕೊಕ್ಕೆಯ, ಅಂದರೆ ಕುದುರೆಯ, ಹಿಂದೆ ೪. ಕಿಡಿ ಹಾರಿಸುವ ಉಕ್ಕಿನ ತುಂಡಿನ ಅಡಿಯಲ್ಲಿ ೪. ಯಾರ ಕಣ್ಣಿಗೂ ಬೀಳದ ಒಳಮೈಗೂ ಕನ್ನಡಿಯಂಥ ಪಾಲಿಶ್. "ಅಬ್ಬಬ್ಬಾ, ಏನು ಕೈ ರೀ ಅವನದು!" ಅಂತ ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. ನನಗೆ ಹೆಮ್ಮೆ ತಡೆಯಲಾಗಲಿಲ್ಲ.

"ಸ್ಪ್ರಿಂಗಿನ ಮೇಲೆ ಮಾತ್ರ ಏನೂ ಇಲ್ಲ ಅಂಕಲ್."

ಅಪ್ಪ ಸ್ಕ್ರೀನಿಗೆ ಮೂಗು ತಾಗಿಸಿ ನೋಡಿದರು.

"ಅದು ಆಮೇಲೆ ಯಾರೋ ಹಾಕಿದ್ದು. ಅರ ಉಜ್ಜಿರೋ ರೀತಿ ನೋಡಿ, ಎಷ್ಟು ಚೆಂದ ಕೂರಿಸಿದ್ದಾನೆ! ಗುರುತು ಎಲ್ಲಿಂದ ಬರಬೇಕು? ನಾವು ರಿಪೇರಿಯವರು ಗುರುತು ಹಾಕಲ್ಲ."

ಪಿಸ್ತೂಲು ಗೋಡೌನಿಗಲ್ಲ, ಗಾಜಿನ ಪೆಟ್ಟಿಗೆಗೆ ಹೋಯಿತು. ಪಕ್ಕಕ್ಕಿಡುವ ಚೀಟಿಯ ಕರಡು ಕಳಿಸಿದರು. 'ಮೈಸೂರು ಸೀಮೆಯ ಕೆಲಸ, ಅಸಲಿ' ಅಂತಷ್ಟೇ ಇತ್ತು. ನಾನು ಬಿಡ್ತೀನಾ? ಮೂರು ಸಲ ಫೋನ್ ಮಾಡಿ ಜಗಳವಾಡಿದೆ. ಕೊನೆಗೆ ಇನ್ನೊಂದು ಸಾಲು ಸೇರಿತು: 'ಸ್ಪ್ರಿಂಗ್: ಹೆಸರು ತಿಳಿಯದ ರಿಪೇರಿಯವರದು. ಉತ್ತಮ ಕೆಲಸ.'

ಆ ಸಾಲನ್ನು ಅಪ್ಪ ನನ್ನ ಕೈಲಿ ಎರಡು ಸಲ ಓದಿಸಿದರು.