ಸುಮಾರಲ್ಲದ ಒಂದು ಚಮಚ

ನಾನು ನಿಂತಿದ್ದದ್ದು ಸೋಡಾ ಅಂಗಡಿಯಿಂದ ನಾಲ್ಕು ಹೆಜ್ಜೆ ದೂರ, ಬೇವಿನ ಮರಕ್ಕೆ ಬೆನ್ನು ಕೊಟ್ಟು. ಊರು ಕಾನಹೊಸಹಳ್ಳಿ. ತೊಂಬತ್ತರ ದಶಕ ಮುಗಿಯುತ್ತಿದ್ದ ಒಂದು ಬೇಸಿಗೆಯ ಸೋಮವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಹೊತ್ತನ್ನು ಖಚಿತವಾಗಿ ಹೇಳಬಲ್ಲೆ. ಆಗ ನಾನು ಅಲ್ಲಿನ ಬಸ್ ನಿಲ್ದಾಣದ ಕಂಟ್ರೋಲರ್. ಕೂಡ್ಲಿಗಿ ಬಸ್ಸು ಹೊರಟ ಸಮಯ ಬರೆದು, ಪಾಳಿ ಮುಗಿಸಿ ಆಗಷ್ಟೇ ಬಂದಿದ್ದೆ. ನನ್ನ ಕೈಯಲ್ಲಿ ಒಂದು ಗಾಜಿನ ಲೋಟವಿತ್ತು. ಅದರ ವಿಷಯ ಆಮೇಲೆ. ಮೊದಲು ಸೋಡಾ ಮಾಮನ ಹೆಬ್ಬೆರಳು.

ಬಲಗೈಯ ಆ ಹೆಬ್ಬೆರಳು ಚಮಚದ ಹಿಂಬದಿಯ ಹಾಗೆ ಚಪ್ಪಟೆಯಾಗಿತ್ತು. ಮೂವತ್ತು ವರ್ಷ ಗೋಲಿ ಒತ್ತಿ ಒತ್ತಿ ಸೋಡಾ ಬಾಟಲಿ ತೆರೆದ ಬೆರಳು. ಉಗುರು ಇರಲಿಲ್ಲ, ಅದಿದ್ದ ಜಾಗ ಹುಣಸೆ ಬೀಜದಂತೆ ಹೊಳೆಯುತ್ತಿತ್ತು. ಊರಿಗೆಲ್ಲ ಅವರು ಮಾಮ. ಪಕ್ಕದಲ್ಲೇ ಬ್ರಾಂದಿ ಅಂಗಡಿ. ಅಲ್ಲಿಗೆ ಹೊಸದಾಗಿ ರಮ್ಮು, ಬಿಯರು, ದ್ರಾಕ್ಷಿ ವೈನು ಏನೇ ಬಂದರೂ ಮೊದಲ ರುಚಿ ಮಾಮನದು. ಹಿತ್ತಾಳೆ ಚಮಚದಲ್ಲಿ ಒಂದೇ ಅಳತೆ ತೆಗೆದುಕೊಂಡು, ಮೂಸಿ, ಕಣ್ಣು ಮುಚ್ಚಿ ಬಾಯೊಳಗೆ ಎರಡು ಸುತ್ತು ತಿರುಗಿಸಿ ಬೇವಿನ ಬುಡಕ್ಕೆ ಉಗಿಯುತ್ತಿದ್ದರು. ತಮ್ಮದೇ ಸೋಡಾದಲ್ಲಿ ಬಾಯಿ ಮುಕ್ಕಳಿಸುತ್ತಿದ್ದರು. ಒಂದು ಹನಿ ನುಂಗಿದ್ದನ್ನು ನಾನು ಕಂಡಿಲ್ಲ. ಈ ಮೂಗು ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿದ್ದೆ. ಹುಡುಗನಾಗಿದ್ದಾಗ ಕೊಟ್ಟೂರಿನ ಬಡಗಿಯೊಬ್ಬರ ಬಳಿ ಬಾಗಿಲು, ಮಂಚಗಳಿಗೆ ಪಾಲಿಶ್ ಹಚ್ಚುತ್ತಿದ್ದರಂತೆ. ಆ ವಾಸನೆ ತಿಂದ ಮೂಗಿಗೆ ಇನ್ನೆಲ್ಲ ವಾಸನೆಯೂ ಬಿಡಿಬಿಡಿಯಾಗಿ ಗೊತ್ತಾಗುತ್ತದೆ ಎನ್ನುತ್ತಿದ್ದರು.

ತೀರ್ಪನ್ನು ಸೀಮೆಸುಣ್ಣದಲ್ಲಿ ಬಾಗಿಲ ಹಲಗೆಯ ಮೇಲೆ ಬರೆಯುವುದು ಪದ್ಧತಿ. ತೀರ್ಪು ಯಾವಾಗಲೂ ಒಂದೇ: ಸುಮಾರು. ತೀರಾ ಮೆಚ್ಚಿದರೆ ‘ಸುಮಾರದಾಗ ಚಲೋ’, ಮುಖ ಕಿವುಚಿದರೆ ‘ಸುಮಾರದಾಗ ಸುಮಾರು’. ವಿವರಣೆ ಬಾಯಲ್ಲಿ. ಒಂದು ಬಿಯರಿಗೆ, ಗೋಣಿಚೀಲ ನೆನೆಸಿದ ನೀರು, ಆದರೆ ತಣ್ಣಗಿದೆ ಎಂದರು. ಒಂದು ವೈನು ಕೆಮ್ಮಿನ ಔಷಧದ ಚಿಕ್ಕಪ್ಪನ ಮಗ. ಒಂದು ರಮ್ಮು ಬೆಲ್ಲದ ಗಾಣಕ್ಕೆ ಬೆಂಕಿ ಬಿದ್ದ ಮರುದಿನ. ಬ್ರಾಂದಿ ಅಂಗಡಿಯವನು ಮೊದಮೊದಲು ಜಗಳಕ್ಕೆ ಬಂದ. ನಿನ್ನ ಸೋಡಾ ಹೇಗಿದೆ, ಅದನ್ನೂ ಬರೆ ಎಂದ. ಮಾಮ ಆ ಕ್ಷಣವೇ ಹಲಗೆಯ ತುದಿಗೆ ‘ನಮ್ಮ ಸೋಡಾ – ಸುಮಾರು’ ಎಂದು ಬರೆದರು. ಅದು ಕೊನೆಯವರೆಗೂ ಅಳಿಯಲಿಲ್ಲ. ಜನ ನಂಬಿದ್ದು ಅದಕ್ಕೇ. ಹಲಗೆಯ ಮೇಲೆ ಮಾತು ಬೀಳುವ ತನಕ ಹೊಸ ಬಾಟಲಿಯನ್ನು ಆ ಮರದ ಕೆಳಗೆ ಯಾರೂ ಮುಟ್ಟುತ್ತಿರಲಿಲ್ಲ.

ಆ ಸೋಮವಾರ ಮುಟ್ಟಲು ಎಲ್ಲರಿಗೂ ಅವಸರ. ಹಿಂದಿನ ದಿನ ನಮ್ಮೂರ ಹಮಾಲರ ಕಬಡ್ಡಿ ತಂಡ ಹರಪನಹಳ್ಳಿಯವರನ್ನು ಒಂದೇ ಒಂದು ಅಂಕದಿಂದ ಸೋಲಿಸಿತ್ತು. ತಮಟೆಯಂಥ ಹಲಗೆ ವಾದ್ಯ ಬಾರಿಸುವವರು ಬಂದಿದ್ದರು. ಗುಲಾಲಿನಿಂದ ಬೇವಿನ ಬುಡವೂ ಕೆಂಪಾಗಿತ್ತು. ಕೊನೆಯ ರೈಡನ್ನು ಕ್ಯಾಪ್ಟನ್ ಹುಲಿಗೆಪ್ಪ ಆರನೇ ಸಲ ಆಡಿ ತೋರಿಸುತ್ತಿದ್ದ. ಎದುರಿನ ಮಿರ್ಚಿ ಬಂಡಿಯ ಗೌರಮ್ಮ, “ನಿನ್ನಿ ಗೆರಿ ಮುಟ್ಟಿದ್ದಿ, ಇವತ್ತು ನನ್ನ ಎಣ್ಣಿ ಬಾಣಲಿ ಮುಟ್ಟಬ್ಯಾಡಲೇ” ಎಂದು ಛೇಡಿಸುತ್ತಿದ್ದಳು. ನಾನೂ ನಗುತ್ತಿದ್ದೆ. ಹೆದ್ದಾರಿಯಲ್ಲಿ ಜೀಪು ನಿಲ್ಲಿಸಿದ್ದ ಯಾರೋ ಅಪರಿಚಿತ, ಕಂಪನಿಯದೇ ಮಾಲು, ಅಗ್ಗಕ್ಕೆ ಎಂದು ಹೇಳಿ ತಂಡದವರಿಗೆ ಒಂದು ಪೆಟ್ಟಿಗೆ ಬಾಟಲಿ ಕೊಟ್ಟು ಹೋಗಿದ್ದ. ಬೆಂಚಿನ ಮೇಲೆ ಹನ್ನೊಂದು ಲೋಟ ತುಂಬಿದ್ದವು. ಹನ್ನೆರಡನೆಯದು ನನ್ನ ಕೈಯಲ್ಲಿತ್ತು.

ಮಾಮ ಚಮಚ ಎತ್ತಿದರು. ಹಲಗೆಯ ಸದ್ದು ನಿಂತಿತು. ಎರಡು ಸುತ್ತು ತಿರುಗಿಸುವವರು ಒಂದೂ ತಿರುಗಿಸದೆ ಉಗಿದರು. ಸೋಡಾಕ್ಕೆ ಕೈ ಹಾಕಲಿಲ್ಲ. ಮೆಲ್ಲಗೆ ಹೇಳಿದರು:

“ಇದು ಸುಮಾರಲ್ಲ.”

ತಪ್ಪಾದದ್ದು ಅಲ್ಲಿ. ಅಷ್ಟು ವರ್ಷದಲ್ಲಿ ಆ ಬಾಯಿಂದ ಯಾವ ಬಾಟಲಿಗೂ ಆ ಮಾತು ಬಂದಿರಲಿಲ್ಲ. ಸುಮಾರಲ್ಲ ಎಂದರೆ ಅಸಲು, ಉತ್ತಮೋತ್ತಮ ಎಂದೇ ನಾವೆಲ್ಲ ಕೇಳಿಸಿಕೊಂಡೆವು. ಕೇಕೆ ಎದ್ದಿತು, ಹಲಗೆಗಳು ಒಮ್ಮೆಲೇ ಮೊಳಗಿದವು. ಇಬ್ಬರು ಮಾಮನನ್ನು ಹೆಗಲ ಮೇಲೆ ಎತ್ತಿಕೊಂಡರು. ಮಾಮನ ಬಾಯಿ ತೆರೆದು ಮುಚ್ಚುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಹುಲಿಗೆಪ್ಪ ಲೋಟ ತೆಗೆದುಕೊಂಡ. ನಾನು ನನ್ನದನ್ನು ತುಟಿಗೆ ತಂದೆ; ತುಟಿ ಒದ್ದೆಯಾದದ್ದು ಈಗಲೂ ನೆನಪಿದೆ.

ಮಾಮ ಹೆಗಲ ಮೇಲಿಂದಲೇ ಬಾಗಿ, ಅಂಗಡಿ ಮಾಡಿನ ಕೆಳಗಿನ ಸಾಲಿನಿಂದ ತುಂಬಿದ ಸೋಡಾ ಬಾಟಲಿ ಎಳೆದು ಬೆಂಚಿನ ಮೇಲೆ ಒಗೆದರು. ಅದು ಬಾಂಬಿನಂತೆ ಸಿಡಿಯಿತು. ಇನ್ನೊಂದು. ಬೆಂಚಿನ ಲೋಟಗಳೆಲ್ಲ ಪುಡಿಯಾದವು, ಗೋಲಿಯೊಂದು ಉರುಳಿ ನನ್ನ ಚಪ್ಪಲಿಗೆ ಬಂದು ತಾಗಿತು. ಹುಲಿಗೆಪ್ಪನ ಮೊಣಕೈಯಿಂದ ರಕ್ತ ಇಳಿಯಿತು, ಅವನ ಲೋಟ ನೆಲಕ್ಕೆ ಬಿತ್ತು. ಹಲಗೆಗಳು ನಿಂತವು.

“ಪಾಲಿಶ್ ಐತಲೇ ಇದು,” ಎಂದರು ಮಾಮ. “ಕಟ್ಟಿಗಿಗೆ ಹಚ್ಚೋದು. ಹೊಟ್ಟಿಗಲ್ಲ.” ನನ್ನತ್ತ ತಿರುಗಿ, “ಕಂಟ್ರೋಲರ್ ಸಾಹೇಬ್ರ, ಲೋಟ ಚೆಲ್ರಿ” ಎಂದರು.

ಚೆಲ್ಲಿದೆ.

ಮರುದಿನ ಬೆಳಿಗ್ಗೆಯ ಬಸ್ಸಿನವರು ಸುದ್ದಿ ತಂದರು. ಅದೇ ಜೀಪು ನಿಂತಿದ್ದ ಇನ್ನೊಂದು ಊರಲ್ಲಿ ಇಬ್ಬರು ಆಸ್ಪತ್ರೆಗೆ ಸೇರಿದ್ದರು, ಒಬ್ಬನಿಗೆ ಕಣ್ಣು ಹೋಗಿತ್ತು. ಆ ಸಂಜೆ ಮಾಮ ಬಾಗಿಲ ಹಲಗೆಯ ಮುಂದೆ ಕೂತಿದ್ದರು. ನನ್ನ ಮಾತೇ ನಿಮ್ಮನ್ನು ಕೊಲ್ಲುತ್ತಿತ್ತು ಎಂದು ಬೇಸರಪಟ್ಟರು. ಪಕ್ಕದಲ್ಲಿ ಕೂತ ಹುಲಿಗೆಪ್ಪ, ಇಷ್ಟು ದಿನ ಎಲ್ಲವನ್ನೂ ಬೈಯುತ್ತಲೇ ಇದ್ದಿರಿ, ಈ ಸಲ ಹೊಗಳಿದಿರಿ ಅಂದುಕೊಂಡೆವು ಎಂದ. ಆಗ ಅವರು ಹೇಳಿದ್ದು:

“ಸುಮಾರು ಅಂದ್ರ ಬೈಗಳಲ್ಲಲೇ. ಕುಡಿದವ ನಾಳಿ ಮುಂಜಾನಿ ಏಳ್ತಾನ ಅಂತ ಅರ್ಥ.”

ಏಳೆಂಟು ವರ್ಷದ ಮೇಲೆ ಅವರು ಕೂಡ್ಲಿಗಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ನೋಡಲು ಹೋದೆ. ನರ್ಸಮ್ಮ ಚಮಚದಲ್ಲಿ ಔಷಧ ಕೊಟ್ಟರು. ಕಣ್ಣು ಮುಚ್ಚಿ ಎರಡು ಸುತ್ತು ತಿರುಗಿಸಿದರು; ಉಗಿಯಲು ಜಾಗ ಹುಡುಕಿ, ಸಿಗದೆ ನುಂಗಿದರು. ಹೇಗಿದ್ದೀರಿ ಮಾಮ ಎಂದೆ. “ಸುಮಾರದೀನಿ” ಎಂದರು. ಅವರ ಅರ್ಥದಲ್ಲೇ ಮರುದಿನ ಮುಂಜಾನೆ ಎದ್ದರು, ಸೋಡಾ ಕೇಳಿದರು. ಮಧ್ಯಾಹ್ನ ತೀರಿಕೊಂಡರು.

ಆ ಸೋಮವಾರವನ್ನು ಕಂಡವರಲ್ಲಿ ನನಗೆ ಗೊತ್ತಿದ್ದಂತೆ ಈಗ ಊರಲ್ಲಿ ಉಳಿದವರು ಮೂವರು: ಮಿರ್ಚಿ ಗೌರಮ್ಮ, ಮೊಣಕೈಯ ಮೇಲೆ ಗಾಜಿನ ಗುರುತಿರುವ ಹುಲಿಗೆಪ್ಪ, ಮತ್ತು ತುಟಿ ಒದ್ದೆ ಮಾಡಿಕೊಂಡಿದ್ದ ನಾನು.