ಮೋಲ್ಡಿನ ಕೆಳಗೆ ನಾನು ಹೊಡೆದ ಮನುಷ್ಯ

ದೆವ್ವ, ಗಾಳಿ, ಶಕುನ ಎಂದು ಮಾತು ತೆಗೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಊಟದ ಹೊತ್ತಿಗೆ ಯಾರಾದರೂ ಇಂಥ ಕಥೆ ಶುರು ಮಾಡಿದರೆ, ನಾನು ತಟ್ಟೆ ಎತ್ತಿಕೊಂಡು ಬೇರೆ ಕಡೆ ಹೋಗಿ ಕೂರುತ್ತಿದ್ದೆ. ನಾನು ಸಿವಿಲ್ ಎಂಜಿನಿಯರು. ಬಿದ್ದದ್ದು ಯಾಕೆ ಬಿತ್ತು ಎಂಬುದಕ್ಕೆ ಲೆಕ್ಕ ಇದ್ದೇ ಇರುತ್ತದೆ ಎಂದು ನಂಬಿದವನು. ಈಗಲೂ ಹಾಗೆಯೇ ನಂಬುತ್ತೇನೆ. ಒಂದೇ ಒಂದು ಮಧ್ಯಾಹ್ನದ ವಿಷಯದಲ್ಲಿ ಮಾತ್ರ ಆ ಲೆಕ್ಕ ನನಗೆ ಸಿಕ್ಕಿಲ್ಲ.

ಕೆಲವು ವರ್ಷಗಳ ಹಿಂದೆ ಬ್ಯಾಟರಾಯನಪುರದಲ್ಲಿ ಒಂದು ಹೋಟೆಲ್ ಕಟ್ಟಿಸುವ ಜವಾಬ್ದಾರಿ ನನ್ನ ಮೇಲಿತ್ತು. ಮಣ್ಣು ಪರೀಕ್ಷೆಯಿಂದ ಹಿಡಿದು ಕೋಣೆಗಳಿಗೆ ಪರದೆ ಹಾಕಿಸುವವರೆಗೆ ಎಲ್ಲ ನನ್ನದೇ. ಜಾಗ ಮುನಿರಾಜಣ್ಣನವರದು. ಅವರ ತಂದೆಯ ಕಾಲದಲ್ಲಿ ಅಲ್ಲಿ ದ್ರಾಕ್ಷಿ ತೋಟವಿತ್ತಂತೆ. ಆ ಜಾಗದಲ್ಲಿ ತಮಗೂ ಪಾಲಿದೆ ಎಂದು ಅವರ ದಾಯಾದಿಗಳು ಕೋರ್ಟಿಗೆ ಹೋಗಿ ಸೋತಿದ್ದರು. ಸೋತ ಹದಿನೈದು ದಿನಕ್ಕೆ ಏಳೆಂಟು ಜನ ಬಂದು ಸೈಟಿನ ಗೇಟು ಮುರಿದು, ವಾಚ್‌ಮನ್ನನ ಕಾಲು ಮುರಿಯುವಂತೆ ಬಡಿದು ಹೋಗಿದ್ದರು. ಅವತ್ತಿನಿಂದ ನನ್ನ ತಲೆ ಸದಾ ಕಾದೇ ಇರುತ್ತಿತ್ತು. ಮೊದಲೇ ನಾನು ಸಿಡುಕ. ಬಯ್ಯದೆ ದಿನ ಕಳೆದವನಲ್ಲ. ಆದರೆ ಯಾರ ಮೇಲೂ ಕೈ ಮಾಡಿದವನೂ ಅಲ್ಲ.

ಅಂದು ಲಾಬಿಯ ಮೇಲಿನ ಮೋಲ್ಡ್. ಮೋಲ್ಡ್ ಎಂದರೆ ಛಾವಣಿಗೆ ಕಾಂಕ್ರೀಟು ಸುರಿಯುವುದು; ಸುರಿದ ಛಾವಣಿಗೂ ಅದೇ ಹೆಸರು. ಎರಡು ಅಂತಸ್ತಿನ ಎತ್ತರ ಅದು. ಕಾಂಕ್ರೀಟು ಗಟ್ಟಿಯಾಗುವವರೆಗೆ ಅಡಿಯ ಹಲಗೆಗಳನ್ನು ಹೊರುವ ಕಬ್ಬಿಣದ ಜಾಕುಗಳು ಅಷ್ಟು ಎತ್ತರಕ್ಕೆ ಸಾಲದೆ, ಒಂದು ಮೂಲೆಗೆ ನೀಲಗಿರಿ ಕಂಬಗಳನ್ನೇ ಕೊಟ್ಟಿದ್ದೆವು. ಇಂಥ ಕಂಬದ ಬುಡಕ್ಕೆ ಮರದ ಬೆಣೆ ಇಟ್ಟು ಸುತ್ತಿಗೆಯಿಂದ ಬಡಿದು ಬಿಗಿ ಮಾಡುತ್ತಾರೆ. ಬೆಣೆ ಸಡಿಲವಾದರೆ ಕಂಬ ಕದಲುತ್ತದೆ, ಕಂಬ ಕದಲಿದರೆ ಮೇಲಿನದೆಲ್ಲ ಕೆಳಗೆ. ಆದ್ದರಿಂದ ಮೋಲ್ಡಿಗೆ ಮುಂಚೆ, ಈ ಹಲಗೆ ಕಂಬಗಳನ್ನೆಲ್ಲ ಕಟ್ಟಿಸುವ ಸೆಂಟ್ರಿಂಗ್ ಮೇಸ್ತ್ರಿ ಕೊನೆಯದಾಗಿ ಒಂದು ಸುತ್ತು ಹಾಕಿ ಎಲ್ಲ ಬೆಣೆಗಳನ್ನೂ ಬಡಿಯಬೇಕು. ನಾನು ಅವರ ಹಿಂದೆ ನಡೆದು ನೋಡಿ ಸಹಿ ಹಾಕಬೇಕು.

ಅದು ಶುಕ್ರವಾರ. ಹತ್ತೂವರೆಗೆ ರಾಹುಕಾಲ. ಅದಕ್ಕೆ ಮುಂಚೆ ಮುನಿರಾಜಣ್ಣನವರ ಹೆಂಡತಿ ಮೊದಲ ಬಾಂಡ್ಲಿ ಕಾಂಕ್ರೀಟು ಸುರಿಯಬೇಕೆಂದು ಮೊದಲೇ ತೀರ್ಮಾನವಾಗಿತ್ತು. ಕಾಂಕ್ರೀಟಿನ ಲಾರಿ ಬಂದಾಗಲೇ ಹತ್ತು ದಾಟಿತ್ತು.

ಮೇಲೆ ಹಲಗೆಗಳ ಮೇಲೆ ನಿಂತಿದ್ದ ನನ್ನ ಹತ್ತಿರ ಮೇಸ್ತ್ರಿ ಗೋವಿಂದಪ್ಪ ಬಂದರು. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. "ಸಾರ್, ಆ ಮೂಲೆ ಒಂದು ಉಳ್ಕೊಂಡಿದೆ. ಅರ್ಧ ಗಂಟೆ ಕೊಡಿ, ಬೆಣೆ ಹೊಡ್ಕೊಂಡ್ ಬಂದ್ಬಿಡ್ತೀನಿ" ಎಂದರು.

ಪಕ್ಕದಲ್ಲೇ ಇದ್ದ ಮುನಿರಾಜಣ್ಣ ಕೈಗಡಿಯಾರ ನೋಡಿಕೊಂಡರು. "ಇಂಗೆ ತಡ ಮಾಡ್ಕೊಂಡ್ ನಿಂತ್ರೆ ಎಂಗೆ ಸಾ? ರಾವುಕಾಲ ಬಂದ್ಬುಡ್ತದೆ. ನಮ್ಮನೆಯೋಳು ಆಗ್ಲಿಂದ ಬಾಂಡ್ಲಿ ಇಡ್ಕೊಂಡ್ ನಿಂತವ್ಳೆ."

"ಶುರು ಮಾಡ್ಬಿಡೋಣ ಮೇಸ್ತ್ರಿ, ಆಮೇಲೆ ಹೊಡ್ಕೊಳ್ಳಿ" ಎಂದೆ ನಾನು. ಕೆಳಗೆ ಇಳಿಯದೆಯೇ ಸಹಿ ಹಾಕಿದೆ. ರಾಹುಕಾಲವನ್ನು ನಂಬದ ನಾನು ರಾಹುಕಾಲಕ್ಕೆ ಹೆದರಿ ಹಾಕಿದ ಸಹಿ ಅದು. ಶುರುವಾದ ಮೇಲೆ ಗೋವಿಂದಪ್ಪನವರಿಗೂ ಬಿಡುವಾಗಲಿಲ್ಲ. ನಾನೂ ನೆನಪಿಸಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಮುಕ್ಕಾಲು ಕೆಲಸ ಮುಗಿದಿತ್ತು. ಮೇಲೆ ಹದಿನಾರು ಜನ. ಒಂದು ಲಾರಿ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ಮೇಲಿನ ಗದ್ದಲದಲ್ಲಿ ಡ್ರೈವರನ ಮಾತು ಕೇಳಿಸದೆ, ನಾನು ಫೋನು ಹಿಡಿದು ಕೆಳಗಿಳಿದು ಬಂದೆ. ಆಗ ಒಳಗಿನಿಂದ ಸುತ್ತಿಗೆಯ ಸದ್ದು ಕೇಳಿಸಿತು. ಮೋಲ್ಡಿನ ಕೆಳಗೆ ಆ ಹೊತ್ತಿನಲ್ಲಿ ಯಾರೂ ಇರಕೂಡದು. ಹೊರಗೆ ಸುಡುಬಿಸಿಲಿದ್ದರೂ ಆ ಕಂಬಗಳ ನಡುವೆ ಕತ್ತಲು ಕತ್ತಲು. ಆ ಮೂಲೆಯಲ್ಲಿ ಒಬ್ಬ ಮಂಡಿಯೂರಿ ಕುಳಿತು ಕಂಬದ ಬುಡಕ್ಕೆ ಬಡಿಯುತ್ತಿದ್ದ.

ದಾಯಾದಿಗಳ ಕಡೆಯವನು, ಬೆಣೆ ಕಿತ್ತು ಹದಿನಾರು ಜನರನ್ನು ಕೊಲ್ಲಲು ಬಂದಿದ್ದಾನೆ ಎಂದುಕೊಂಡೆ. "ಏಯ್, ಯಾರೋ ಅದು?" ಎಂದೆ. ಅವನು ತಿರುಗಲಿಲ್ಲ. ಹೋಗಿ ಕಾಲರು ಹಿಡಿದೆಳೆದೆ. ಕೊಡವಿಕೊಂಡು ಮತ್ತೆ ಬಡಿಯತೊಡಗಿದ. ಕುತ್ತಿಗೆಗೆ ಕೈ ಹಾಕಿದಾಗ ನನ್ನ ಮುಂಗೈಯನ್ನು ಕಚ್ಚಿದ. ಮಾಂಸ ಕಿತ್ತು ಬರುವ ಹಾಗೆ ಕಚ್ಚಿದ. ಆಮೇಲೆ ನನಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಇತ್ತು. ಅಲ್ಲಿ ಬಿದ್ದಿದ್ದ ಕಬ್ಬಿಣದ ಸರಳು ಎತ್ತಿಕೊಂಡು ಮೊದಲು ಹೆಗಲಿಗೆ, ಆಮೇಲೆ ತಲೆಗೆ ಹೊಡೆದೆ. ಅವನು ಬಿದ್ದ. ಎದೆಯ ಮೇಲೆ ಕೂತು ಮುಖಕ್ಕೆ ಗುದ್ದಿದೆ. ಮೇಲಿನ ಹಲಗೆಗಳ ಸಂದಿಯಿಂದ ಸಿಮೆಂಟಿನ ಹಾಲು ಸೋರಿ ಅವನ ಮುಖದ ಮೇಲೆ ಬೀಳುತ್ತಿತ್ತು. ರಕ್ತವೂ ಸಿಮೆಂಟೂ ಕಲೆತು, ಮುಖ ಯಾರದೆಂದೇ ತಿಳಿಯಲಿಲ್ಲ. ಅವನು ನನಗೆ ಒಂದೇಟೂ ಹೊಡೆಯಲಿಲ್ಲ. ಅವನ ಬಲಗೈ ಮಾತ್ರ ನೆಲದ ಮೇಲೆ ಸುತ್ತಿಗೆಗಾಗಿ ತಡಕಾಡುತ್ತಿತ್ತು. ಎದ್ದು ನಿಂತು ಆ ಕೈಯನ್ನು ಬೂಟುಗಾಲಿನಿಂದ ತುಳಿದೆ. ಮೂಳೆ ಮುರಿದ ಸದ್ದು ಕೇಳಿತು. ನನಗೆ ಸಮಾಧಾನವಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ.

ನನ್ನ ಕೂಗು ಕೇಳಿ ಗೋವಿಂದಪ್ಪ ಓಡಿ ಬಂದಿದ್ದರು. ಆ ಕತ್ತಲಲ್ಲಿ ಅವರು ಕಂಡದ್ದು ನನ್ನ ಬೆನ್ನು ಮತ್ತು ಮೇಲೆ ಕೆಳಗೆ ಆಡುವ ಒಂದು ಕೈ ಮಾತ್ರವಂತೆ; ಕೈ ಯಾರದೆಂದು ತಿಳಿಯಲಿಲ್ಲವಂತೆ. "ಸಾರ್‌ನ ಯಾರೋ ಹೊಡೀತವ್ರೆ, ಬನ್ರೋ" ಎಂದು ಅವರು ಕೂಗಿದ್ದೇ ತಡ, ಮೇಲಿದ್ದ ಹದಿನಾರು ಜನರೂ ಕೈಲಿದ್ದದ್ದನ್ನು ಬಿಸಾಡಿ ಇಳಿದುಬಿಟ್ಟರು. ಜಗಳ ಎಂದರೆ ನಮ್ಮ ಸೈಟಿನಲ್ಲಿ ಯಾರೂ ಕೆಲಸ ಹಿಡಿದು ಕೂರುವವರಲ್ಲ. ಕೊನೆಯವನು ನೆಲಕ್ಕೆ ಕಾಲಿಡುವಷ್ಟರಲ್ಲಿ ಆ ಮೂಲೆಯ ಕಂಬ ಲಟಕ್ಕೆಂದಿತು. ಗೋವಿಂದಪ್ಪ ನನ್ನ ಅಂಗಿ ಹಿಡಿದು ಹೊರಗೆಳೆದರು. ಹಿಂದೆಯೇ ಇಡೀ ಮೋಲ್ಡು ಕುಸಿಯಿತು.

"ಕೆಳಗೊಬ್ಬ ಇದ್ದಾನೆ" ಎಂದು ನಾನೇ ಎಲ್ಲರಿಗೂ ಹೇಳಿದೆ. ಪೊಲೀಸರು ಬಂದರು, ಅಗ್ನಿಶಾಮಕದವರು ಬಂದರು. ಎರಡು ದಿನ ಅಗೆದರು. ಸರಳು ಸಿಕ್ಕಿತು, ಸುತ್ತಿಗೆ ಸಿಕ್ಕಿತು, ಮನುಷ್ಯ ಸಿಗಲಿಲ್ಲ. ಕೆಲಸಗಾರರೆಲ್ಲ ಲೆಕ್ಕಕ್ಕೆ ಸಿಕ್ಕರು. ದಾಯಾದಿಗಳ ಕಡೆ ಗಾಯಗೊಂಡವರಾಗಲಿ ಕಾಣೆಯಾದವರಾಗಲಿ ಒಬ್ಬರೂ ಇರಲಿಲ್ಲ. ಗಾಬರಿಯಲ್ಲಿ ಏನೋ ಕಂಡಿರಬೇಕು ಎಂದು ಎಲ್ಲರೂ ಸಮಾಧಾನ ಹೇಳಿದರು. ಸಹಕಾರನಗರದ ಡಾಕ್ಟರು ಮಾತ್ರ ನನ್ನ ಕೈಗೆ ಹೊಲಿಗೆ ಹಾಕುತ್ತಾ, "ಯಾರ್ರೀ ಇಷ್ಟು ಜೋರಾಗಿ ಕಚ್ಚಿದ್ದು? ಮನುಷ್ಯನ ಹಲ್ಲು ಇದು" ಎಂದರು.

ಮತ್ತೆ ಕಟ್ಟಿದೆವು, ಈ ಸಲ ಬರೀ ಕಬ್ಬಿಣದ ಜಾಕು ಕೊಟ್ಟು. ಒಂದೂವರೆ ವರ್ಷದ ನಂತರ ಹೋಟೆಲ್ ಉದ್ಘಾಟನೆಯಾಯಿತು. ಹದಿನಾರು ಜೀವ ಉಳಿಸಿದವರು ಎಂದು ಮುನಿರಾಜಣ್ಣ ಅದೇ ಲಾಬಿಯಲ್ಲಿ ನನಗೆ ಶಾಲು ಹೊದಿಸಿದರು. ಊಟದ ಹೊತ್ತಿಗೆ ಗೋವಿಂದಪ್ಪ ನನ್ನನ್ನು ಪಕ್ಕಕ್ಕೆ ಕರೆದರು. ಆ ದಿನದಿಂದ ಅವರು ಸೆಂಟ್ರಿಂಗ್ ಕೆಲಸ ಮುಟ್ಟಿರಲಿಲ್ಲ. ಬಹಳ ಇಳಿದುಹೋಗಿದ್ದರು.

"ಸಾರ್, ನೀವು ಅವನು ಇದ್ದ ಅಂದ್ರೆ ಇದ್ದ, ನಾನ್ ನಂಬ್ತೀನಿ. ಒಂದೇ ಮಾತು ಹೇಳಿ. ಅವನು ಬೆಣೆ ಬಿಚ್ತಿದ್ನಾ, ಬಿಗಿ ಮಾಡ್ತಿದ್ನಾ?"

"ಬಿಚ್ತಿದ್ದ" ಎಂದೆ.

ಅವರು ಕಣ್ಣೊರೆಸಿಕೊಂಡು ಊಟಕ್ಕೆ ಹೋದರು. ಮುಂದಿನ ತಿಂಗಳೇ ಮಾಕಳಿಯ ಕಡೆ ಮತ್ತೆ ಒಂದು ಸೆಂಟ್ರಿಂಗ್ ಕೆಲಸ ಹಿಡಿದರೆಂದು ಕೇಳಿದೆ.

ನಾನು ಕಂಡದ್ದು ಅದಲ್ಲ. ಅವನು ಬೆಣೆಯನ್ನು ಒಳಕ್ಕೆ ಹೊಡೆಯುತ್ತಿದ್ದ. ಒಂದೊಂದು ಏಟಿಗೂ ಅದು ಬಿಗಿಯಾಗುತ್ತಿತ್ತು. ಸರಳು ಎತ್ತುವ ಮೊದಲೇ ನನ್ನ ಕಣ್ಣಿಗೆ ಅದು ಬಿದ್ದಿತ್ತು; ಈ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ ಕಾಣದೆ ಇರುವುದಿಲ್ಲ. ಕಂಡರೂ ಹೊಡೆದೆ. ನಾನು ಹೊಡೆಯದಿದ್ದರೆ ಮೇಲಿದ್ದವರು ಇಳಿದು ಬರುತ್ತಿರಲಿಲ್ಲ ಎಂದು ಒಮ್ಮೆ ಅನ್ನಿಸುತ್ತದೆ. ನಾನು ಹೊಡೆಯದಿದ್ದರೆ ಮೋಲ್ಡು ಬೀಳುತ್ತಲೇ ಇರಲಿಲ್ಲ ಎಂದೂ ಅನ್ನಿಸುತ್ತದೆ. ಅವನು ಯಾರು, ಎಲ್ಲಿಂದ ಬಂದ, ಎಲ್ಲಿಗೆ ಹೋದ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಮಾಡಿಸದೆ ಬಿಟ್ಟ ಕೆಲಸವನ್ನು ಮಾಡುತ್ತಿದ್ದವನ ಕೈಯನ್ನು ನಾನು ತುಳಿದೆ ಎಂಬುದಷ್ಟೇ ಗೊತ್ತು.