ಸುಜಾತಾ ಕರೆದ ಬೆಳಗ್ಗೆ

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಕೋರಮಂಡಲ್ ಚಿನ್ನದ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದಾಗ, ಸುರಂಗದಲ್ಲಿ ಸತ್ತವರ ದನಿ ಕೇಳಿತು ಎನ್ನುವವರ ಎದುರಿಗೇ ನಕ್ಕವನು ನಾನು.

ತೊಂಬತ್ತರ ದಶಕದ ಆರಂಭ. ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ನಾನು, ಅಮ್ಮ, ಅಕ್ಕ, ಭಾವ, ಅವರ ಎಂಟು ವರ್ಷದ ಮಗಳು ಸುಜಾತಾ ಒಂದೇ ಮನೆಯಲ್ಲಿದ್ದೆವು. ಒಂದು ದಿನ ಊಟಕ್ಕೆ ಕೂತ ಹುಡುಗಿ ತಟ್ಟೆ ಬಿಟ್ಟು ಪಕ್ಕದ ನೆಲಕ್ಕೆ ಕೈ ಹಾಕಿದಳು. "ಎಲ್ಲಾ ಎರಡೆರಡು ಕಾಣ್ತೈತೆ ಮಾವ" ಎಂದಳು. ವಾರದೊಳಗೆ ಬಲಗಣ್ಣು ಮೂಗಿನ ಕಡೆ ವಾಲಿತು, ನಡಿಗೆ ಓಲಾಡತೊಡಗಿತು.

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನ್ ಮಾಡಿದರು. ಮಿದುಳಿನ ಬುಡದಲ್ಲಿ, ಅದು ಕುತ್ತಿಗೆಯ ಕಡೆಗೆ ಇಳಿಯುವ ಕಾಂಡದೊಳಗೆ ರಕ್ತನಾಳಗಳ ಗಂಟೊಂದಿದೆ, ಅದು ಸೋರಿದೆ ಎಂದರು. "ಬಿಟ್ಟರೆ ಮತ್ತೆ ಸೋರಬಹುದು, ಜೀವಕ್ಕೇ ಅಪಾಯ. ತೆಗೆಯಲು ಹೋದರೆ ದನಿ ಹೋಗಬಹುದು, ನುಂಗಲು ಆಗದಿರಬಹುದು" ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು.

"ಬ್ಯಾಡ ಕಣ್ಲಾ, ಇರೋಷ್ಟು ದಿನ ಕಣ್ಮುಂದೆ ಇರ್ಲಿ" ಎಂದು ಅಕ್ಕ ಕೈಮುಗಿದಳು. ನಾನು ಬಿಡಲಿಲ್ಲ. ಅವಳ ಹೆದರಿಕೆಯನ್ನು ದಡ್ಡತನವೆಂದು ಜರಿದೆ. ಸಹಿ ಹಾಕಿದವನು ಭಾವ, ಹಾಕಿಸಿದವನು ನಾನು.

ಆಪರೇಷನ್ ದಿನ ಅಮ್ಮನಿಗೆ ಜ್ವರ ಬಂದಿದ್ದರಿಂದ ನಾನು ಹಳ್ಳಿಯಲ್ಲೇ ಉಳಿದೆ. ಹತ್ತು ಗಂಟೆಯ ಹೊತ್ತು, ಬಿಸಿಲು ಏರಿತ್ತು. ಹಸುವಿಗೆ ಬೂಸಾ ಕಲಸುತ್ತಿದ್ದೆ. ಬೆನ್ನ ಹಿಂದೆ, ನಾಲ್ಕಾರು ಅಡಿ ದೂರದಲ್ಲಿ ಸುಜಾತಾಳ ದನಿ: "ಮಾವಾ, ಈಗ ಒಂದೇ ಕಾಣ್ತೈತೆ."

ತಿರುಗಿದೆ. ಅಂಗಳದಲ್ಲಿ ಯಾರೂ ಇರಲಿಲ್ಲ. ಕಳವಳಕ್ಕೆ ಹಾಗೆ ಕೇಳಿಸಿರಬೇಕು ಎಂದುಕೊಂಡು ಮತ್ತೆ ಬಕೆಟ್ಟಿಗೆ ಕೈ ಹಾಕುವಷ್ಟರಲ್ಲಿ, ಒಳಗೆ ಮಲಗಿದ್ದ ಅಮ್ಮ ಕೂಗಿದಳು: "ಲೇ, ಮಗಾ ಬಂದೈತಲ್ಲಾ! ಒಳಕ್ಕೆ ಕರ್ಕೊಂಡು ಬಾರ್ಲಾ."

ಆ ಹೊತ್ತಿಗೆ ಹುಡುಗಿ ಬೆಂಗಳೂರಿನಲ್ಲಿ ಆಪರೇಷನ್ ಟೇಬಲ್ ಮೇಲೆ ಪ್ರಜ್ಞೆಯಿಲ್ಲದೆ ಮಲಗಿದ್ದಳು.

ಗಂಟನ್ನು ಪೂರ್ತಿ ತೆಗೆದರು. ಕೆಲವು ದಿನಗಳಲ್ಲಿ ಕಣ್ಣೂ ಸುಮಾರಾಗಿ ನೆಟ್ಟಗಾಯಿತು. ದನಿ ಮಾತ್ರ ಬರಲಿಲ್ಲ. ನುಂಗಲಾರದೆ, ಗಂಟಲಿಗೆ ಕೊಳವೆ ಹಾಕಿಸಿಕೊಂಡೇ ಮಲಗಿದ್ದವಳು ಮೂರನೇ ವಾರ ನ್ಯುಮೋನಿಯಾ ಆಗಿ ತೀರಿಕೊಂಡಳು. ಡಾಕ್ಟರನ್ನು ದೂರುವಂತಿಲ್ಲ. ಅವರು ಹೇಳಿದ್ದೇ ಆಗಿತ್ತು.

ತಿಥಿ ಮುಗಿದ ಮೇಲೆ, ಸ್ವಲ್ಪ ಸಮಾಧಾನವಾದೀತೆಂದು ಆ ದನಿಯ ವಿಷಯವನ್ನು ಅಕ್ಕನಿಗೆ ಹೇಳಿದೆ. ಹೇಳಬಾರದಿತ್ತು.

"ನಾನು ಆಪರೇಷನ್ ರೂಮಿನ ಬಾಗ್ಲತ್ರಾನೇ ಕುಂತಿದ್ನಲ್ಲೋ. ಹೆತ್ತೋಳ್ನ ಬಿಟ್ಟು, ಕುಯ್ಸು ಅಂದ ನಿನ್ನ ಕರೆದ್ಲಾ?"

ಅಮ್ಮ ಈಗಿಲ್ಲ. ನಾನು ಕೇಳಿದ್ದು ನಿಜವೆನ್ನಲು ಬೇರೆ ಸಾಕ್ಷಿಯೂ ಇಲ್ಲ. ಆ ದನಿ ಎಲ್ಲಿಂದ ಬಂತೋ, ನನ್ನ ಬಳಿಗೇ ಏಕೆ ಬಂತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅಕ್ಕ ಈಗಲೂ ಹೊತ್ತುಹೊತ್ತಿಗೆ ನನಗೆ ಊಟ ಬಡಿಸುತ್ತಾಳೆ. ಆ ಪ್ರಶ್ನೆ ಕೇಳಿದ ಮೇಲೆ ನನ್ನೊಡನೆ ಇನ್ನೊಂದು ಮಾತು ಆಡಿಲ್ಲ.